ಶೇಂಗಾದಲ್ಲಿ ಕಾಣದ ವಿಷ: ಪತ್ತೆ ಹೇಗೆ?



ಗುಡೇಕೋಟೆ ಸುತ್ತಮುತ್ತ ನಾವು ಶೇಂಗಾ ಬೆಳೆಯುತ್ತೇವೆ. ಒಳ್ಳೇ ಬೀಜ ಮಾರಾಟಕ್ಕೆ ಹೋಗುತ್ತೆ. ಆರಿಸಿ ತೆಗೆದ ಕಪ್ಪು, ಮುರುಟು ಬೀಜ ಮನೆಯ ಚಟ್ನಿಪುಡಿಗೆ! "ಹುರಿದರೆ ಎಲ್ಲಾ ಸರಿಹೋಗುತ್ತೆ ಬಿಡ್ರಿ" ಅಂತೀವಿ. ಇದು ಸರಿಯೇ?

ಯಾವುದು ಈ ವಿಷ?

ಆಸ್ಪರ್ಜಿಲಸ್ ಎಂಬ ಬೂಷ್ಟು ಬೀಜದಲ್ಲಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ರಾಸಾಯನಿಕವನ್ನು ಉಂಟುಮಾಡುತ್ತದೆ. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ, ಕಿತ್ತ ಮೇಲೆ ಕಾಯಿ ಹಸಿ ಉಳಿದರೆ ಇದರ ಕಾಟ ಹೆಚ್ಚು. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಈ ವಿಷ ಬೆಳಕಿಗೆ ಬಂತು. ಇದು ಲಿವರನ್ನು ಕೆಡಿಸುತ್ತದೆ, ಲಿವರ್ ಕ್ಯಾನ್ಸರ್ ತರುತ್ತದೆ. ಹುರಿದರೂ ಕುದಿಸಿದರೂ ಪೂರ್ತಿ ಹೋಗದು. ವಿಷವಿರುವ ಹಿಂಡಿ ತಿಂದ ಎಮ್ಮೆಯ ಹಾಲಿಗೂ ಇಳಿಯುತ್ತದೆ.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ?

1. ಮಾದರಿ: ಇಡೀ ಚೀಲದಲ್ಲಿ ಕೆಲವೇ ಬೀಜಗಳಲ್ಲಿ ವಿಷವಿರಬಹುದು. ಆದ್ದರಿಂದ ಒಂದು ಹಿಡಿ ಸಾಲದು. ಹಲವು ಕಡೆಯಿಂದ ತೆಗೆದು, ಕೂಡಿಸಿ, ಪುಡಿ ಮಾಡುತ್ತಾರೆ. ಮೆಥನಾಲ್ ಬೆರೆಸಿದ ನೀರಿನಲ್ಲಿ ಕಲಕಿ ಸೋಸಿದರೆ ವಿಷ ಆ ದ್ರವಕ್ಕೆ ಬರುತ್ತದೆ.

2. ಟಿಎಲ್‌ಸಿ: ಸಿಲಿಕಾ ಬಳಿದ ತಟ್ಟೆಯ ಮೇಲೆ ಒಂದು ಹನಿ ಇಟ್ಟು, ದ್ರಾವಕ ಮೇಲೇರಲು ಬಿಡುತ್ತಾರೆ. ನೇರಳಾತೀತ ಬೆಳಕಿನಡಿ ವಿಷದ ಚುಕ್ಕೆ ನೀಲಿಯಾಗಿ ಇಲ್ಲವೆ ಹಸಿರಾಗಿ ಹೊಳೆಯುತ್ತದೆ.

3. ಎಲೈಸಾ: ವಿಷವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಇಲ್ಲಿ ಬಳಸುತ್ತಾರೆ. ಸಾಮಾನ್ಯವಾಗಿ ಬಣ್ಣ ತೆಳುವಾದಷ್ಟೂ ವಿಷ ಹೆಚ್ಚು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಕಡಿಮೆ ಖರ್ಚಿನ ಇಂಥ ಪರೀಕ್ಷೆಯನ್ನು ರೂಪಿಸಿದೆ.

4. ಎಚ್‌ಪಿಎಲ್‌ಸಿ: ದುಬಾರಿ ಯಂತ್ರ. ದ್ರವದಲ್ಲಿರುವುದನ್ನು ಬೇರೆ ಬೇರೆ ಮಾಡಿ, ಯಾವ ವಿಷ ಎಷ್ಟಿದೆ ಎಂದು ನಿಖರವಾಗಿ ಹೇಳುತ್ತದೆ.

ನಮ್ಮ ದೇಶದ ನಿಯಮದಂತೆ ಮುಂದೆ ಸಂಸ್ಕರಿಸುವ ಶೇಂಗಾದಲ್ಲಿ ಕಿಲೋಗೆ 15 ಮೈಕ್ರೋಗ್ರಾಂ ಮೀರಬಾರದು. ಅಂದರೆ ಸಾವಿರ ಟನ್ನಿಗೆ ಬರೀ 15 ಗ್ರಾಂ! ಇಷ್ಟು ಕಡಿಮೆ ವಿಷ ಕಣ್ಣಿಗಾಗಲಿ ನಾಲಿಗೆಗಾಗಲಿ ಹೇಗೆ ತಿಳಿದೀತು?

ನಾವು ಮಾಡಬೇಕಾದ್ದು

* ಕಿತ್ತ ಗಿಡಗಳನ್ನು ಕಾಯಿ ಮೇಲಾಗಿಟ್ಟು ಒಣಗಿಸೋಣ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು.
* ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವುದು ಬೇಡ.
* ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡೋಣ.
* ಬೂಷ್ಟು ಹಿಡಿದ, ಕಪ್ಪಾದ, ಮುರುಟಿದ ಬೀಜ ಮನೆಗೂ ಬೇಡ, ದನಕ್ಕೂ ಬೇಡ, ಗಾಣಕ್ಕೂ ಬೇಡ. ಗುಂಡಿ ತೋಡಿ ಹೂಳೋಣ.

ಪ್ರಯೋಗಾಲಯ ವಿಷವನ್ನು ತೋರಿಸೀತು, ತೆಗೆಯಲಾರದು. ಪೇಟೆಯವರು ಬೇಡವೆಂದ ಬೀಜ ನಮ್ಮ ಮಕ್ಕಳ ತಟ್ಟೆಗೆ ಬೀಳದಿರಲಿ.