ಒಂದು, ಎರಡು, ಮೂರು ಹೇಳಿದ ಗುಟ್ಟು

ಯೇಕ್, ದುಯ್, ತ್ರಿನ್, ಷ್ತಾರ್, ಪಾಂಜ್.

ಇದು ಒಂದರಿಂದ ಐದರವರೆಗಿನ ಎಣಿಕೆ. ಯಾವ ಭಾಷೆ, ಹೇಳಿ ನೋಡೋಣ? ಶಾಲೆಯಲ್ಲಿ ಹಿಂದಿ ಕಲಿಯುತ್ತಿರುವವರು "ಹಿಂದಿಯ ಹಾಗಿದೆ, ಆದರೆ ಹಿಂದಿ ಅಲ್ಲ" ಎನ್ನುತ್ತೀರಿ. ಮನೆಯಲ್ಲಿ ಮರಾಠಿ, ಉರ್ದು ಅಥವಾ ಲಂಬಾಣಿ ಆಡುವವರು "ನಮ್ಮದರ ಹಾಗೇ ಇದೆಯಲ್ಲ!" ಎಂದು ಬೆರಗಾಗಬಹುದು. ಆದರೆ ಹೀಗೆ ಎಣಿಸುವ ಜನ ಭಾರತದಲ್ಲಿಲ್ಲ. ಅವರಿರುವುದು ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಯೂರೋಪಿನಲ್ಲಿ. ರೊಮೇನಿಯ, ಹಂಗೇರಿ, ಬಲ್ಗೇರಿಯ, ಸ್ಲೊವಾಕಿಯ ಮುಂತಾದ ದೇಶಗಳಲ್ಲಿ ಅವರು ಹೆಚ್ಚಾಗಿದ್ದಾರೆ. ಆ ಜನರ ಹೆಸರು ರೋಮಾ. ಅವರ ಭಾಷೆ ರೋಮಾನಿ. (ರೋಮ್ ನಗರಕ್ಕಾಗಲಿ ರೊಮೇನಿಯ ದೇಶಕ್ಕಾಗಲಿ ಈ ಹೆಸರಿನ ಜೊತೆ ಸಂಬಂಧವಿಲ್ಲ. ಅವರ ಭಾಷೆಯಲ್ಲಿ 'ರೋಮ್' ಎಂದರೆ ತಮ್ಮ ಸಮುದಾಯದ ಗಂಡಸು.)

ಯೂರೋಪಿನ ಈ ಜನರ ಬಾಯಲ್ಲಿ ನಮ್ಮ ದೇಶದ ಎಣಿಕೆ ಹೇಗೆ ಬಂತು?

ಹೆಸರಿಟ್ಟವರು ಎಡವಿದರು

ಸುಮಾರು 600 ವರ್ಷಗಳ ಹಿಂದಿನ ಮಾತು. 1417ರಲ್ಲಿ ಜರ್ಮನಿಯ ಊರುಗಳಲ್ಲಿ ಅಪರಿಚಿತ ಜನರ ಗುಂಪೊಂದು ಕಾಣಿಸಿಕೊಂಡಿತು. 1427ರ ಆಗಸ್ಟ್ ತಿಂಗಳಲ್ಲಿ ಅಂಥದೇ ಒಂದು ಗುಂಪು ಪ್ಯಾರಿಸ್ ನಗರದ ಬಳಿ ಬಂದು ತಂಗಿತು. ಅವರದು ಕಪ್ಪು ಕೂದಲು, ಕಂದು ಮೈಬಣ್ಣ, ಯಾರಿಗೂ ಅರ್ಥವಾಗದ ಮಾತು. ತಾವು 'ಚಿಕ್ಕ ಈಜಿಪ್ಟ್'ನಿಂದ ಬಂದವರೆಂದು ಅವರು ಹೇಳಿಕೊಂಡರು. ಊರಿನವರು ಅದನ್ನೇ ಹಿಡಿದು ಅವರನ್ನು 'ಈಜಿಪ್ಷಿಯನ್' ಎಂದು ಕರೆದರು. ಆ ಪದ ಬಾಯಿಂದ ಬಾಯಿಗೆ ಸವೆದು 'ಜಿಪ್ಸಿ' ಆಯಿತು. ಈ ಪದವನ್ನು ನೀವೂ ಕೇಳಿರಬಹುದು. ಅನೇಕ ರೋಮಾ ಜನರಿಗೆ ಅದು ಇಷ್ಟವಿಲ್ಲ. ತಪ್ಪು ಹೆಸರು ಎಂಬುದಷ್ಟೇ ಕಾರಣವಲ್ಲ, ಅದನ್ನು ಬೈಗುಳದಂತೆ ಬಳಸಿದ್ದೇ ಹೆಚ್ಚು.

ಎಲ್ಲಿಂದ ಬಂದರೆಂದು ತಿಳಿಯದ ಜನರ ಬಗ್ಗೆ ಏನು ಬೇಕಾದರೂ ಹೇಳಬಹುದಲ್ಲವೆ? ಕಳ್ಳರು ಎಂದರು, ಮಾಟಗಾರರು ಎಂದರು. ಊರೊಳಗೆ ಬರದಂತೆ ಕಾನೂನು ಮಾಡಿದರು. ಈಗಿನ ರೊಮೇನಿಯ ಇರುವ ಪ್ರದೇಶದಲ್ಲಿ ನೂರಾರು ವರ್ಷ ಅವರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಅದು ಕೊನೆಗೊಂಡದ್ದು 1856ರಲ್ಲಿ. ಆಸ್ಟ್ರಿಯದ ರಾಣಿ ಮರಿಯಾ ತೆರೇಸಾ ಕಾಲದಲ್ಲಿ ರೋಮಾ ಮಕ್ಕಳನ್ನು ತಂದೆತಾಯಿಯರಿಂದ ಬಿಡಿಸಿ ಬೇರೆಯವರ ಮನೆಗಳಲ್ಲಿ ಬೆಳೆಸುವ ಆಜ್ಞೆ ಹೊರಟಿತು. ಅಮ್ಮ ಮಗುವಿನೊಡನೆ ಮಾತಾಡದಿದ್ದರೆ ಭಾಷೆ ಅಲ್ಲಿಗೇ ನಿಂತುಹೋಗುತ್ತದೆ. ಆಜ್ಞೆ ಹೊರಡಿಸಿದವರಿಗೆ ಇದು ಗೊತ್ತಿತ್ತು.

ಆದರೂ ರೋಮಾನಿ ಭಾಷೆ ಉಳಿಯಿತು. ಪುಸ್ತಕಗಳಲ್ಲಲ್ಲ, ಮನೆಮಾತಿನಲ್ಲಿ.

ಒಬ್ಬ ಹೆಂಗಸು, ಒಂದು ಹಳೆಯ ವ್ಯಾಕರಣ ಪುಸ್ತಕ

ಜರ್ಮನಿಯ ಹಾಲೆ ನಗರದಲ್ಲಿ ರೂಡಿಗರ್ ಎಂಬ ವಿದ್ವಾಂಸನಿದ್ದ. ಆತ ಒಬ್ಬ ರೋಮಾ ಹೆಂಗಸನ್ನು ಕೂರಿಸಿಕೊಂಡು ಕೆಲವು ವಾಕ್ಯಗಳನ್ನು ಅವಳ ಭಾಷೆಯಲ್ಲಿ ಹೇಳಿಸಿ ಬರೆದುಕೊಂಡ. ಬೇರೆ ಬೇರೆ ಭಾಷೆಗಳ ಪುಸ್ತಕಗಳೊಡನೆ ಅವನ್ನು ಹೋಲಿಸುತ್ತಾ ಹೋದ. ಅವನ ಕೈಗೆ ಸಿಕ್ಕ ಪುಸ್ತಕಗಳಲ್ಲಿ ಹಿಂದೂಸ್ಥಾನಿ ಭಾಷೆಯ ವ್ಯಾಕರಣವೂ ಒಂದು. ಮದರಾಸಿನಲ್ಲಿ ಹಲವು ವರ್ಷ ಕೆಲಸ ಮಾಡಿದ್ದ ಬೆಂಜಮಿನ್ ಷುಲ್ಟ್ಸೆ ಎಂಬ ಪಾದ್ರಿ ಬರೆದಿದ್ದ ಆ ಪುಸ್ತಕ 1745ರಲ್ಲಿ ಹಾಲೆಯಲ್ಲೇ ಅಚ್ಚಾಗಿತ್ತು.

ಹೋಲಿಕೆ ಎದ್ದು ಕಾಣುತ್ತಿತ್ತು. ನೀವೇ ನೋಡಿ. ರೋಮಾನಿಯಲ್ಲಿ ಕಿವಿ 'ಕನ್', ಕಣ್ಣು 'ಯಖ್', ಮೂಗು 'ನಖ್', ಹಲ್ಲು 'ದಂದ್'. ಉಪ್ಪು 'ಲೋನ್', ನೀರು 'ಪಾನಿ', ಕಪ್ಪು 'ಕಾಲೋ', ಮನುಷ್ಯ 'ಮನುಷ್'. ಕರ್ಣ, ಅಕ್ಷಿ, ದಂತ, ಲವಣ ಎಂಬ ಸಂಸ್ಕೃತ ಪದಗಳು ನಿಮಗೆ ಗೊತ್ತಿದ್ದರೆ ರೂಡಿಗರ್‌ಗೆ ಎಷ್ಟು ಸಂತೋಷವಾಗಿರಬೇಕು ಎಂದು ಊಹಿಸಬಲ್ಲಿರಿ. ಈ ಭಾಷೆ ಭಾರತದ್ದು ಎಂದು ಆತ 1782ರಲ್ಲಿ ಪ್ರಕಟಿಸಿದ. ರೋಮಾ ಜನರನ್ನು ಹೀಗೆ ನಡೆಸಿಕೊಳ್ಳುವುದು ನಾಚಿಕೆಗೇಡು ಎಂದೂ ಬರೆದ. ಅವನು ಒಮ್ಮೆಯೂ ಭಾರತಕ್ಕೆ ಬಂದವನಲ್ಲ!

ಎಲ್ಲ ಪದಗಳೂ ಸಾಕ್ಷಿ ಹೇಳುವುದಿಲ್ಲ

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ನಾವು ಬಸ್ಸು, ಪೆನ್ನು, ಸ್ಕೂಲು ಎನ್ನುತ್ತೇವೆ. ಹಾಗಾದರೆ ನಾವು ಇಂಗ್ಲೆಂಡಿನಿಂದ ಬಂದವರೆ? ಅಲ್ಲ. ಹೊಸ ವಸ್ತುವಿನ ಜೊತೆ ಅದರ ಹೆಸರೂ ಬರುತ್ತದೆ. ಪಾದ್ರಿ, ಬಟಾಟೆ ಎಂಬ ಪದಗಳು ಪೋರ್ಚುಗೀಸರಿಂದ ಬಂದದ್ದೂ ಹೀಗೆಯೇ. ಇವು ಎರವಲು ಪದಗಳು.

ಆದರೆ ಮೈಯ ಅಂಗಗಳು, ನೀರು, ಬೆಂಕಿ, ಅಣ್ಣ, ತಂಗಿ, ಸಣ್ಣ ಸಂಖ್ಯೆಗಳು ಇವೆಯಲ್ಲ, ಇವುಗಳ ಹೆಸರನ್ನು ಯಾರೂ ಸುಲಭವಾಗಿ ಬೇರೆಯವರಿಂದ ತರುವುದಿಲ್ಲ. ಕನ್ನಡದ ಕಣ್ಣು, ಮೂಗು, ನೀರು ತಮಿಳಿನಲ್ಲಿ ಕಣ್, ಮೂಕ್ಕು, ನೀರ್. ಕನ್ನಡವೂ ತಮಿಳೂ ಒಂದೇ ಕುಟುಂಬದ ಭಾಷೆಗಳೆಂದು ಇಂಥ ಪದಗಳಿಂದಲೇ ತಿಳಿಯುತ್ತದೆ. ಆದ್ದರಿಂದ ಭಾಷಾವಿಜ್ಞಾನಿಗಳು ಪದಗಳನ್ನು ಎರಡು ರಾಶಿ ಮಾಡುತ್ತಾರೆ. ಒಂದು ಮನೆಯಿಂದ ತಂದದ್ದು, ಇನ್ನೊಂದು ದಾರಿಯಲ್ಲಿ ಪಡೆದದ್ದು. ಮೊದಲ ರಾಶಿ ಹುಟ್ಟೂರನ್ನು ಹೇಳುತ್ತದೆ. ಎರಡನೆಯದು ನಡೆದ ದಾರಿಯನ್ನು ಹೇಳುತ್ತದೆ.

ಈಗ ರೋಮಾನಿ ಎಣಿಕೆಯನ್ನು ಮುಂದುವರಿಸೋಣ. ಆರು 'ಷೋವ್', ಏಳು 'ಎಫ್ತಾ', ಎಂಟು 'ಒಖ್ತೊ', ಒಂಬತ್ತು 'ಎನ್ಯಾ', ಹತ್ತು 'ದೆಷ್'. ಏಳು, ಎಂಟು, ಒಂಬತ್ತು ಏಕೋ ಬೇರೆಯಾಗಿ ಕೇಳಿಸುತ್ತವೆ. 'ಎಫ್ತಾ' ಎಂಬುದು 'ಸಪ್ತ'ದ ಹಾಗೆ ಇಲ್ಲವೆ ಎಂದು ಜಾಣರು ಕೇಳಬಹುದು. ಹೌದು, ಇದೆ. ಆದರೆ ಮೊದಲಿನ 'ಸ' ಎಲ್ಲಿ ಹೋಯಿತು? ರೋಮಾನಿ 'ಸ'ವನ್ನು ಬಿಡುವ ಭಾಷೆಯಲ್ಲ. ಸರ್ಪಕ್ಕೆ ಅವರು 'ಸಪ್' ಎನ್ನುತ್ತಾರೆ, 'ಸ' ಗಟ್ಟಿಯಾಗಿಯೇ ಇದೆ. ಪದದ ಮೊದಲಲ್ಲಿ 'ಸ'ವನ್ನು ಹೀಗೆ ಕಳೆದುಕೊಂಡ ಭಾಷೆ ಗ್ರೀಕ್. ಸಂಸ್ಕೃತವೂ ಗ್ರೀಕೂ ದೂರದ ನೆಂಟರಾದ್ದರಿಂದ ಸಪ್ತ, ಎಫ್ತಾ ಎರಡೂ ಒಂದೇ ಮೂಲದವು. ಆದರೆ ರೋಮಾ ಜನರ ಬಾಯಲ್ಲಿರುವ ಏಳು, ಎಂಟು, ಒಂಬತ್ತು ಗ್ರೀಕರಿಂದ ಪಡೆದವು. ಸಂಖ್ಯೆಗಳನ್ನೇ ಎರವಲು ಪಡೆಯಬೇಕಾದರೆ ಅವರು ಗ್ರೀಕ್ ಮಾತಾಡುವವರ ನಡುವೆ ಎಷ್ಟು ಕಾಲ ಬದುಕಿರಬೇಕು!

ದಾರಿಯ ನಕ್ಷೆ

ಅವರ ಎರವಲು ಪದಗಳನ್ನು ಸಾಲಾಗಿ ಇಟ್ಟರೆ ಒಂದು ನಕ್ಷೆಯೇ ಸಿಗುತ್ತದೆ. ಶಕ್ತಿಗೆ ಅವರು 'ಜೋರ್' ಎನ್ನುತ್ತಾರೆ. ಇದು ಪರ್ಷಿಯದ, ಎಂದರೆ ಇರಾನಿನ ಪದ. ನಾವು "ಜೋರಾಗಿ ಓಡು" ಎನ್ನುವಾಗ ಬಳಸುವುದೂ ಅದೇ ಪದವನ್ನು. ಕುದುರೆಗೆ 'ಗ್ರಸ್ತ್', ಇದು ಆರ್ಮೇನಿಯದ್ದು. ದಾರಿಗೆ 'ದ್ರೋಮ್', ಪಟ್ಟಣಕ್ಕೆ 'ಫೋರೊ', ಎಲುಬಿಗೆ 'ಕೊಕಲೊ', ಇವು ಮೂರೂ ಗ್ರೀಕ್. ಭೂಪಟ ತೆಗೆದು ಇರಾನ್, ಆರ್ಮೇನಿಯ, ಟರ್ಕಿ, ಗ್ರೀಸ್ ದೇಶಗಳನ್ನು ಬೆರಳಿನಿಂದ ಮುಟ್ಟುತ್ತಾ ಹೋಗಿ. ಪೂರ್ವದಿಂದ ಪಶ್ಚಿಮಕ್ಕೆ ಹೋದಂತಾಯಿತು. (ಟರ್ಕಿ ಏಕೆಂದರೆ, ಆ ಕಾಲದಲ್ಲಿ ಅಲ್ಲಿಯೂ ಗ್ರೀಕ್ ಮಾತಾಡುತ್ತಿದ್ದರು.) ಅರಬ್ಬಿ ಪದಗಳು ರೋಮಾನಿಯಲ್ಲಿ ತೀರಾ ಕಡಿಮೆ. ಆದ್ದರಿಂದ ಅರಬ್ ನಾಡುಗಳಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ ಎಂದು ಊಹಿಸಬಹುದು. ಇರುವ ಪದದಂತೆ ಇಲ್ಲದ ಪದವೂ ಸುಳಿವು ಕೊಡುತ್ತದೆ.

ಸರಿ, ಭಾರತ ಬಿಟ್ಟದ್ದು ಯಾವಾಗ? ಇದಕ್ಕೆ ಉತ್ತರ ಹುಡುಕಿದ ಜಾಗ ಕೇಳಿದರೆ ನಿಮಗೆ ನಗು ಬರಬಹುದು: ವ್ಯಾಕರಣ ಪಾಠದ ಲಿಂಗಗಳು! ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ನೀವು ಕಲಿತಿದ್ದೀರಿ. ಸಂಸ್ಕೃತದಲ್ಲಿಯೂ ಮೂರು ಲಿಂಗಗಳಿವೆ. ಹಿಂದಿಯಲ್ಲಿ ಎರಡೇ. ಉತ್ತರ ಭಾರತದ ಹಲವು ಭಾಷೆಗಳಲ್ಲಿ ನಪುಂಸಕಲಿಂಗ ಮಾಯವಾಗಿ, ಅದರ ಪದಗಳು ಹೆಚ್ಚಾಗಿ ಪುಲ್ಲಿಂಗಕ್ಕೆ ಸೇರಿಹೋದವು. ಇದು ನಡೆದದ್ದು ಸುಮಾರು ಒಂದು ಸಾವಿರ ವರ್ಷಗಳ ಹಿಂದೆ. ರೋಮಾನಿಯಲ್ಲಿಯೂ ಎರಡೇ ಲಿಂಗ, ಪದಗಳು ಸೇರಿಹೋದದ್ದೂ ಅದೇ ರೀತಿ. ಎಂದರೆ ಈ ಬದಲಾವಣೆ ಆಗುತ್ತಿದ್ದಾಗ ರೋಮಾ ಜನರ ಪೂರ್ವಜರು ಇಲ್ಲಿಯವರೊಡನೆ ಇನ್ನೂ ಮಾತಾಡಿಕೊಂಡಿದ್ದರು. ಅವರು ಹೊರಟದ್ದು ಆಮೇಲೆ.

ಮಾತು ಕೂಡಿಸುತ್ತದೆ, ಮಾತು ನಿಂತರೆ ಬೇರೆಯಾಗುತ್ತದೆ

ಜನಾಂಗ ಎಂದರೇನು? "ನಾವೆಲ್ಲ ಒಂದು" ಎಂದು ತಿಳಿದು, ಒಂದೇ ಮಾತು, ಪದ್ಧತಿ, ನೆನಪುಗಳನ್ನು ಹಂಚಿಕೊಂಡ ಜನರ ಸಮುದಾಯ. ಅದು ಹುಟ್ಟುವುದು ಸಂವಹನದಿಂದ, ಎಂದರೆ ಒಬ್ಬರಿಗೊಬ್ಬರು ವಿಷಯ ತಿಳಿಸುವುದರಿಂದ. ಭಾರತದಿಂದ ಹೊರಟಾಗ ಅವರು ಇಂದಿನ ರೋಮಾ ಜನ ಆಗಿರಲಿಲ್ಲ. ಬಿಟ್ಟುಬಂದ ಊರಿನವರೊಡನೆ ಮಾತು ನಿಂತಿತು. ದಾರಿಯಲ್ಲಿ ಸಿಕ್ಕವರೊಡನೆ ಮಾತು ಬೆಳೆಯಿತು. ತಮ್ಮ ತಮ್ಮೊಳಗೆ ಮಾತು ಮುಂದುವರಿಯಿತು. ಹೀಗೆ ದಾರಿಯ ಮೇಲೆ ಒಂದು ಹೊಸ ಜನಾಂಗ ರೂಪುಗೊಂಡಿತು. ಯೂರೋಪಿನಲ್ಲಿ ಚದುರಿ ಪರಸ್ಪರ ಭೇಟಿ ಕಡಿಮೆಯಾದಾಗ ರೋಮಾನಿಯೂ ಹಲವು ಉಪಭಾಷೆಗಳಾಗಿ ಒಡೆಯಿತು. ಸ್ಪೇನಿನ ರೋಮಾ ಜನರ 'ಕಾಲೋ' ಮಾತಿನಲ್ಲಿ ಈಗ ವ್ಯಾಕರಣವೆಲ್ಲ ಸ್ಪ್ಯಾನಿಷ್, ನಡುನಡುವೆ ರೋಮಾನಿ ಪದಗಳು.

ಮಾತಿಲ್ಲದೆಯೂ ಅವರು ಸುದ್ದಿ ತಿಳಿಸುತ್ತಿದ್ದರು. ಊರೂರು ತಿರುಗುವ ಗುಂಪುಗಳು ಕವಲುದಾರಿಯಲ್ಲಿ ಎಲೆ, ಕಡ್ಡಿ, ಹುಲ್ಲಿನ ಗುರುತು ಇಟ್ಟು ಹೋಗುತ್ತಿದ್ದವು. ಹಿಂದೆ ಬರುವ ತಮ್ಮವರು ಅದನ್ನು ನೋಡಿ "ಈ ಕಡೆ ಹೋಗಿದ್ದಾರೆ" ಎಂದು ತಿಳಿಯುತ್ತಿದ್ದರು. ಆ ಗುರುತಿನ ಹೆಸರು 'ಪತ್ರಿನ್'. ಆ ಪದದ ಅರ್ಥ ಎಲೆ. ಬಿಲ್ವಪತ್ರೆ ಎನ್ನುವಾಗ ನಮ್ಮಲ್ಲಿಯೂ ಪತ್ರೆ ಎಂದರೆ ಎಲೆ. ಅಂಚೆಯಣ್ಣ ತರುವುದೂ ಪತ್ರವೇ! ಇಲ್ಲಿಯೂ ಅಲ್ಲಿಯೂ ಎಲೆಯೇ ಸುದ್ದಿಯಾಗಿದೆ. ನನಗೆ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಪದ ಇದು. (ಇಂದು ಹೆಚ್ಚಿನ ರೋಮಾ ಜನ ಅಲೆಯುವುದಿಲ್ಲ. ಎಲ್ಲರಂತೆ ಮನೆಗಳಲ್ಲಿ ನೆಲೆಸಿದ್ದಾರೆ.)

ಭಾಷೆ ಒಂದೇ ಸಾಲದು

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಜನರಿದ್ದಾರೆ. ಅವರಲ್ಲಿ ಅನೇಕರ ಮನೆಮಾತು ಕೊಂಕಣಿ. ಭಾಷೆಯನ್ನು ಮಾತ್ರ ನೋಡಿದರೆ ಅವರ ಮೂಲ ಕೊಂಕಣ ಎನ್ನಬೇಕಾಗುತ್ತದೆ. ಆದರೆ ಅವರ ಪೂರ್ವಜರು ಬಂದದ್ದು ಆಫ್ರಿಕಾದಿಂದ. ಪೋರ್ಚುಗೀಸರೂ ಇತರರೂ ಅವರನ್ನು ಗುಲಾಮರಾಗಿ ತಂದರು. ಹಳೆಯ ಭಾಷೆ ಕಳೆದುಹೋಗಿ ಹೊಸದು ಬಂತು. ಆದ್ದರಿಂದ ವಿಜ್ಞಾನಿಗಳು ಎರಡನೆಯ ಸಾಕ್ಷಿಯನ್ನೂ ಕೇಳುತ್ತಾರೆ.

ಅಂಥ ಒಂದು ಸಾಕ್ಷಿ ನಮ್ಮ ಜೀವಕೋಶಗಳಲ್ಲಿರುವ ಡಿಎನ್‌ಎ. ಅದು ತಂದೆತಾಯಿಯರಿಂದ ಮಕ್ಕಳಿಗೆ ಬರುತ್ತದೆ. ಯೂರೋಪಿನ ಹಲವು ದೇಶಗಳ ರೋಮಾ ಜನರ ಡಿಎನ್‌ಎ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅವರೆಲ್ಲರ ಮೂಲ ಭಾರತದ ವಾಯವ್ಯ ಭಾಗದ ಒಂದು ಸಮುದಾಯವೆಂದೂ ಆಮೇಲೆ ದಾರಿಯುದ್ದಕ್ಕೂ ಯೂರೋಪಿನಲ್ಲೂ ಬೇರೆಯವರು ಅವರೊಡನೆ ಬೆರೆತರೆಂದೂ ಅದು ತೋರಿಸಿತು. ಅಲ್ಲಿನ ಲೆಕ್ಕ ಸುಮಾರು 1500 ವರ್ಷ. ಭಾಷೆಯ ಲೆಕ್ಕ ಸುಮಾರು 1000 ವರ್ಷ. ಈ ವ್ಯತ್ಯಾಸದ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ದಿಕ್ಕಿನ ವಿಷಯದಲ್ಲಿ ಮಾತ್ರ ಎರಡೂ ಸಾಕ್ಷಿಗಳು ಒಂದೇ ಮಾತು ಹೇಳಿದವು.

ಯಾರು ಎಲ್ಲಿಯವರು ಎಂಬ ವಿಚಾರಣೆ ಕೆಟ್ಟವರ ಕೈಗೂ ಸಿಕ್ಕಿದೆ. ಹಿಟ್ಲರನ ಜರ್ಮನಿಯಲ್ಲಿ ವಿಜ್ಞಾನಿಗಳೆನಿಸಿಕೊಂಡವರೇ ರೋಮಾ ಕುಟುಂಬಗಳ ವಂಶಾವಳಿ ಬರೆದು ಪಟ್ಟಿ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಡಿಮೆ ಎಂದರೂ ಎರಡೂವರೆ ಲಕ್ಷ ರೋಮಾ ಜನರನ್ನು ಕೊಂದರು. ಅವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇದ್ದರು.

1971ರ ಏಪ್ರಿಲ್ 8ರಂದು ಹಲವು ದೇಶಗಳ ರೋಮಾ ಪ್ರತಿನಿಧಿಗಳು ಲಂಡನ್ ಹತ್ತಿರ ಸಭೆ ಸೇರಿದರು. ಇನ್ನು ತಮ್ಮನ್ನು ಬೇರೆಯವರಿಟ್ಟ ಹೆಸರಿನಿಂದಲ್ಲ, 'ರೋಮಾ' ಎಂದೇ ಕರೆಯಬೇಕೆಂದರು. ಧ್ವಜವನ್ನೂ ಒಪ್ಪಿಕೊಂಡರು. ಮೇಲೆ ಆಕಾಶದ ನೀಲಿ, ಕೆಳಗೆ ನೆಲದ ಹಸಿರು, ನಡುವೆ 16 ಅರೆಗಳ ಕೆಂಪು ಚಕ್ರ. ನಮ್ಮ ಧ್ವಜದ ಚಕ್ರಕ್ಕೆ ಅರೆಗಳು ಎಷ್ಟು, ಎಣಿಸಿ.

ಮಾಡಿ ನೋಡಿ

ನಿಮ್ಮ ತರಗತಿಯಲ್ಲಿ ಮನೆಯಲ್ಲಿ ಬೇರೆ ಬೇರೆ ಭಾಷೆ ಆಡುವವರು ಇರಬಹುದು: ಲಂಬಾಣಿ, ಉರ್ದು, ತೆಲುಗು, ತುಳು, ಕೊಂಕಣಿ, ಕೊಡವ. ಒಂದರಿಂದ ಹತ್ತರವರೆಗಿನ ಎಣಿಕೆ, ಕಣ್ಣು, ಕಿವಿ, ಮೂಗು, ಹಲ್ಲು, ನೀರು, ಉಪ್ಪು ಈ ಪದಗಳನ್ನು ಅವರಿಂದ ಕೇಳಿ ಬರೆದುಕೊಳ್ಳಿ. ರೋಮಾನಿ ಪದಗಳನ್ನು ಪಕ್ಕದಲ್ಲಿ ಬರೆಯಿರಿ. ಯಾವ ಭಾಷೆಗಳು ಒಂದು ಕಡೆ ಸೇರುತ್ತವೆ? ಯಾವುವು ಇನ್ನೊಂದು ಕಡೆ? ಲಂಬಾಣಿ ಮತ್ತು ರೋಮಾನಿ ಹತ್ತಿರವೆನಿಸಿದರೆ "ರೋಮಾ ಎಂದರೆ ಲಂಬಾಣಿಗರೇ" ಎಂದು ಕೂಡಲೇ ಬರೆದುಬಿಡಬೇಡಿ. ಎರಡೂ ಒಂದೇ ದೊಡ್ಡ ಕುಟುಂಬದ ಭಾಷೆಗಳು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಬಸ್ಸು, ಸೈಕಲ್ಲು, ಮೊಬೈಲಿಗೆ ಏನೆನ್ನುತ್ತಾರೆ ಎಂಬುದನ್ನೂ ಕೇಳಿ ಬರೆದು, ಆ ಪದಗಳನ್ನು ಯಾವ ರಾಶಿಗೆ ಹಾಕಬೇಕೆಂದು ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.