ಆಟದ ವಿಮಾನ, ಹಾರಾಟದ ವಿಮಾನ

ಕಂಪ್ಯೂಟರ್ ಆಟದಲ್ಲಿ ಶತ್ರು ವಿಮಾನಗಳನ್ನು ಹೊಡೆದುರುಳಿಸುವ ಮಗನೋ ಮಗಳೋ ‘ನಾನು ಪೈಲಟ್ ಆಗ್ತೀನಿ’ ಎಂದರೆ, ಹೊಗೆಸೊಪ್ಪು ಬೆಳೆದು ಮಕ್ಕಳನ್ನು ಓದಿಸುವ ಪಿರಿಯಾಪಟ್ಟಣದ ಅಪ್ಪ–ಅಮ್ಮ ಏನು ಮಾಡಬೇಕು? ತರಬೇತಿಗೆ ಬೇಕಾಗುವುದು ಹಲವು ಲಕ್ಷ ರೂಪಾಯಿ. ಆದ್ದರಿಂದ ಮಕ್ಕಳು ಹಾರಿಸುತ್ತಿರುವುದು ಯಾವ ವಿಮಾನ ಎಂಬುದನ್ನು ಮೊದಲು ನೋಡಬೇಕು.

2002ರಲ್ಲಿ ಬಂದ ‘ಬ್ಯಾಟಲ್‌ಫೀಲ್ಡ್ 1942’ರಂಥ ಗುಂಡಿನ ಆಟಗಳಲ್ಲಿ ವಿಮಾನವೂ ಒಂದು ಆಯುಧ. ಬಂದೂಕು ಹಿಡಿದು ಓಡುತ್ತಿದ್ದವನು ನೇರವಾಗಿ ವಿಮಾನ ಏರಿ, ಕೆಲವೇ ಕ್ಷಣಗಳಲ್ಲಿ ಆಕಾಶದಲ್ಲಿರುತ್ತಾನೆ. ಬಿದ್ದರೆ ಮತ್ತೊಂದು ಜೀವ ಸಿದ್ಧ. ಗಮನವೆಲ್ಲ ಗುರಿಯ ಮೇಲಿರಲೆಂದು ಗಾಳಿಯ ತಂಟೆಯನ್ನು ತಗ್ಗಿಸಿರುತ್ತಾರೆ.

1982ರಲ್ಲಿ ಮೊದಲ ಆವೃತ್ತಿ ಕಂಡ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ನಂಥವುಗಳಲ್ಲಿ ಗಾಳಿಯೇ ಮುಖ್ಯ. ಸೆಸ್ನಾ 172ರಂಥ ಪುಟ್ಟ ವಿಮಾನವೂ ಗಂಟೆಗೆ ಸುಮಾರು 100 ಕಿ.ಮೀ. ವೇಗ ಪಡೆಯದೆ ನೆಲ ಬಿಡದು. ವೇಗ ಸಾಲದಿದ್ದಾಗ ಮೂತಿಯನ್ನು ಎತ್ತುತ್ತಲೇ ಹೋದರೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕದಡಿ, ಎತ್ತಿ ಹಿಡಿಯುವ ಬಲ ಕುಸಿಯುತ್ತದೆ. ಇದಕ್ಕೆ ‘ಸ್ಟಾಲ್’ ಎನ್ನುತ್ತಾರೆ. ಪಾರಾಗಲು ಮೂತಿಯನ್ನು ಕೆಳಗೆ ಮಾಡಬೇಕು. ಬೀಳುತ್ತಿರುವಾಗ ಇನ್ನೂ ಕೆಳಗೆ ಬಾಗುವ ಈ ಪಾಠ ಕೈಗೆ ಸುಲಭವಾಗಿ ಒಗ್ಗದು.

ಪಳಗಿದವರಿಗೂ ಇದು ಕಷ್ಟವೇ. 2009ರ ಜೂನ್ 1ರಂದು ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿದ್ದು 228 ಮಂದಿ ಸತ್ತರು. ಸ್ಟಾಲ್ ಆದ ಮೇಲೂ ಬಹುಪಾಲು ಹೊತ್ತು ಮೂತಿಯನ್ನು ಮೇಲೆತ್ತುವ ಯತ್ನವೇ ನಡೆದಿತ್ತು.

ಮನೆಯ ಸಿಮ್ಯುಲೇಟರಿಗೂ ಮಿತಿಯಿದೆ. ಕುರ್ಚಿ ಅಲುಗದು, ಹೊಟ್ಟೆ ತೊಳಸದು. ಮೋಡದೊಳಗೆ ವಿಮಾನ ವಾಲಿದ್ದರೂ ನೇರವಾಗಿದೆ ಎಂದು ಕಿವಿಯೊಳಗಿನ ಸಮತೋಲನದ ಅಂಗ ಸುಳ್ಳು ಹೇಳಬಲ್ಲದು. ಆಗ ದೇಹವನ್ನಲ್ಲ, ಮುಂದಿರುವ ಮೀಟರುಗಳನ್ನು ನಂಬುವುದನ್ನು ಕಲಿಯಬೇಕು. ಭಾರತದಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆಗಳ ಹಾರಾಟ ಬೇಕು. ಮನೆಯ ಕಂಪ್ಯೂಟರ್ ಮುಂದೆ ಕಳೆದ ಸಮಯ ಆ ಲೆಕ್ಕಕ್ಕೆ ಸೇರದು.

ಹಾಗೆಂದು ಅದು ವ್ಯರ್ಥವಲ್ಲ. ಆಸೆ ಎಷ್ಟು ಗಟ್ಟಿ ಎಂಬುದನ್ನು ಕಡಿಮೆ ಖರ್ಚಿನಲ್ಲಿ ತಿಳಿಯುವ ದಾರಿ ಅದು. ಗಾಳಿ ಬೀಸುವ ದಿನ ಮೈಸೂರಿನ ಮಂಡಕಳ್ಳಿ ನಿಲ್ದಾಣದಲ್ಲಿ ವಿಮಾನ ಇಳಿಸಲು ಮಕ್ಕಳಿಗೆ ಹೇಳಿ. ಹತ್ತು ಸಲ ತಪ್ಪಿದ ಮೇಲೆ ಬೇಸತ್ತು ಗುಂಡಿನ ಆಟಕ್ಕೆ ಮರಳಿದರೆ ಅದೂ ಒಂದು ಉತ್ತರ. ಏಕೆ ತಪ್ಪಿತೆಂದು ತಿಳಿಯಲು ಭೌತಶಾಸ್ತ್ರದ ಪುಸ್ತಕ ತೆರೆದರೆ, ಅವರ ಮಾತಿಗೆ ಕಿವಿಗೊಡಿ.