ಎಚ್‌ಐವಿ ಚಿಕಿತ್ಸೆ: ನಡುವೆ ನಿಲ್ಲಬಾರದ ಆರೈಕೆ

ಎಚ್‌ಐವಿಗೆ ಔಷಧವೇ ಇಲ್ಲವೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಸೋಂಕನ್ನು ದೇಹದಿಂದ ಸಂಪೂರ್ಣವಾಗಿ ತೊಡೆದುಹಾಕುವ ಔಷಧ ಇನ್ನೂ ಬಂದಿಲ್ಲವೆಂಬುದು ನಿಜ. ಆದರೆ ಅದನ್ನು ಹತೋಟಿಯಲ್ಲಿಟ್ಟು, ಕಾಯಕ ಮಾಡಿಕೊಂಡು, ಮಕ್ಕಳು ಮರಿಗಳೊಡನೆ ದೀರ್ಘಕಾಲ ಬಾಳಲು ಬೇಕಾದ ಔಷಧವಿದೆ. ಎಆರ್‌ಟಿ ಎಂದು ಕರೆಯುವ ಈ ಚಿಕಿತ್ಸೆಯನ್ನು ಸರ್ಕಾರವು 2004ರ ಏಪ್ರಿಲ್ 1ರಿಂದ ಉಚಿತವಾಗಿ ನೀಡುತ್ತಿದೆ. ಮೊದಲು ರೋಗನಿರೋಧಕ ಶಕ್ತಿ ಒಂದು ಮಟ್ಟಕ್ಕಿಂತ ಕುಸಿದವರಿಗೆ ಮಾತ್ರ ಔಷಧ ಆರಂಭಿಸುತ್ತಿದ್ದರು. 2017ರಿಂದ ಸೋಂಕು ದೃಢಪಟ್ಟ ಪ್ರತಿಯೊಬ್ಬರಿಗೂ ಚಿಕಿತ್ಸೆ ಕೊಡುವ ನೀತಿ ಜಾರಿಯಲ್ಲಿದೆ.

ದೇಶದಲ್ಲಿ ಸೋಂಕಿತರ ಸಂಖ್ಯೆ ಹೆಚ್ಚಾಗಿರುವ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಆದ್ದರಿಂದ ಇದು ಎಲ್ಲಿಯೋ ದೂರದ ನಗರದ ರೋಗವೆಂದು ಶಿಕಾರಿಪುರ, ಸೊರಬ ಸೀಮೆಯ ನಾವು ಭಾವಿಸಲಾಗದು.

ಔಷಧ ದೊರೆತ ಮಾತ್ರಕ್ಕೆ ಆರೈಕೆ ಮುಗಿಯುವುದಿಲ್ಲ. ರಕ್ತಪರೀಕ್ಷೆ ಹಾಗೂ ಆಪ್ತಸಮಾಲೋಚನೆ ತಾಲ್ಲೂಕು ಆಸ್ಪತ್ರೆಯಲ್ಲಿಯೇ ಗೋಪ್ಯವಾಗಿ ನಡೆಯುತ್ತವೆ. ಸೋಂಕು ದೃಢಪಟ್ಟವರನ್ನು ಎಆರ್‌ಟಿ ಕೇಂದ್ರದಲ್ಲಿ ನೋಂದಾಯಿಸಲಾಗುತ್ತದೆ. ನಮ್ಮ ಜಿಲ್ಲೆಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಇಂಥ ಕೇಂದ್ರವಿದೆ. ಅಲ್ಲಿ ಪ್ರತಿ ಭೇಟಿಯಲ್ಲಿಯೂ ತೂಕ ನೋಡುತ್ತಾರೆ, ಉಳಿದ ಮಾತ್ರೆಗಳನ್ನು ಎಣಿಸುತ್ತಾರೆ, ಕೆಮ್ಮು ಜ್ವರಗಳ ಬಗ್ಗೆ ವಿಚಾರಿಸುತ್ತಾರೆ. ಎಚ್‌ಐವಿ ಇರುವವರ ಪ್ರಾಣಕ್ಕೆ ಅತಿ ಹೆಚ್ಚು ಎರವಾಗುವುದು ಕ್ಷಯರೋಗ. ಆದಕಾರಣ ಕ್ಷಯವಿಲ್ಲವೆಂದು ಖಚಿತವಾದವರಿಗೆ ಅದು ಬಾರದಂತೆ ತಡೆಯುವ ಮಾತ್ರೆಗಳನ್ನೂ ಕೊಡುತ್ತಾರೆ. ಚಿಕಿತ್ಸೆ ಆರಂಭವಾದ ಆರನೆಯ ಮತ್ತು ಹನ್ನೆರಡನೆಯ ತಿಂಗಳಿನಲ್ಲಿ, ಆಮೇಲೆ ವರ್ಷಕ್ಕೊಮ್ಮೆ, ರಕ್ತದಲ್ಲಿ ವೈರಾಣು ಎಷ್ಟಿದೆಯೆಂದು ಅಳೆಯಲಾಗುತ್ತದೆ. ಬಾರದೆ ಉಳಿದವರನ್ನು ಫೋನಿನ ಮೂಲಕ ಸಂಪರ್ಕಿಸಿ ಮರಳಿ ಕರೆತರುವುದೂ ಈ ವ್ಯವಸ್ಥೆಯ ಕೆಲಸವೇ. ನಮ್ಮ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಕಠಿಣವಾದ ಕೆಲಸ.

ಏಕೆಂದರೆ ಈ ವೈರಾಣುವಿನ ಸ್ವಭಾವ ಗದ್ದೆಯ ಜೇಕಿನಂತೆ. ಮೇಲೆ ಎಷ್ಟು ಕಿತ್ತರೂ ಗೆಡ್ಡೆ ಮಣ್ಣಿನೊಳಗೆ ಉಳಿದಿರುತ್ತದೆ. ನಿತ್ಯವೂ ಮಾತ್ರೆ ಸೇವಿಸುವವರ ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ತಗ್ಗುತ್ತದೆ. ಹಾಗೆ ತಗ್ಗಿಯೇ ಇದ್ದಾಗ ದಾಂಪತ್ಯದಲ್ಲಿ ಸಂಗಾತಿಗೆ ಸೋಂಕು ದಾಟುವುದಿಲ್ಲ. ಆದರೂ ಕೆಲವು ಜೀವಕೋಶಗಳಲ್ಲಿ ಅದು ಮಲಗಿಯೇ ಇರುತ್ತದೆ. ಮಾತ್ರೆ ನಿಂತಿತೆಂದರೆ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಬಿಟ್ಟು ಬಿಟ್ಟು ಸೇವಿಸಿದರಂತೂ ಔಷಧಕ್ಕೆ ಜಗ್ಗದ ವೈರಾಣು ಬೆಳೆಯುತ್ತದೆ. ಆಗ ಬೇರೆ ಔಷಧಗಳನ್ನು ಹುಡುಕಬೇಕಾಗುತ್ತದೆ.

ಹಾಗಾದರೆ ಮಾತ್ರೆ ನಿಲ್ಲುವುದೇಕೆ? ಆರೋಗ್ಯ ಸುಧಾರಿಸಿತು, ಇನ್ನೇಕೆ ಬೇಕು ಎಂಬ ಭಾವನೆ ಒಂದು. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಕೈಬಿಡುವ ಕಷ್ಟ ಇನ್ನೊಂದು. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರ್. ಸೊರಬ, ಆನವಟ್ಟಿ ಕಡೆಯವರಿಗೆ ಇನ್ನೂ ದೂರ. ಸ್ಥಿತಿ ಸ್ಥಿರವಾಗಿರುವವರಿಗೆ ಒಮ್ಮೆಗೇ ಹೆಚ್ಚು ತಿಂಗಳ ಮಾತ್ರೆ ಕೊಡುವ ಕ್ರಮವಿದೆ, ಅದನ್ನು ಕೇಳಿ ಪಡೆಯಬಹುದು. ದುಡಿಮೆಗೆಂದು ಪರಊರಿಗೆ ಹೋಗುವವರು ಮುಂಚಿತವಾಗಿ ತಿಳಿಸಿದರೆ ಆ ಊರಿನ ಕೇಂದ್ರದಲ್ಲಿಯೇ ಔಷಧ ಪಡೆಯುವ ವ್ಯವಸ್ಥೆಯಾಗುತ್ತದೆ.

ಶ್ರಾವಣದ ಸೋಮವಾರ, ಶಿವರಾತ್ರಿಗಳಲ್ಲಿ ಉಪವಾಸವಿರುವ ಭಕ್ತರು ಆ ದಿನ ಮಾತ್ರೆ ಬಿಡುವುದುಂಟು. ಈಗ ಹೆಚ್ಚಿನವರಿಗೆ ಕೊಡುವುದು ಡೊಲುಟೆಗ್ರಾವಿರ್ ಸೇರಿದಂತೆ ಮೂರು ಔಷಧಗಳಿರುವ, ದಿನಕ್ಕೆ ಒಂದೇ ಮಾತ್ರೆ. ಅದನ್ನು ಊಟವಿದ್ದರೂ ಇಲ್ಲದಿದ್ದರೂ ನುಂಗಬಹುದು. ಔಷಧಕ್ಕೆಂದು ಕುಡಿದ ಒಂದು ಗುಟುಕು ನೀರಿನಿಂದ ವ್ರತ ಕೆಡುವುದೆಂದು ನಾವು ತಿಳಿಯುವುದಿಲ್ಲ. ಆದರೆ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಹೊಟ್ಟೆಯುರಿಯ ಔಷಧಗಳು ಇದರ ಶಕ್ತಿಯನ್ನು ಕುಂದಿಸಬಲ್ಲವು. ಇವುಗಳ ನಡುವೆ ಎಷ್ಟು ಅಂತರವಿರಬೇಕೆಂದು ವೈದ್ಯರನ್ನು ಕೇಳಿಯೇ ತಿಳಿಯಬೇಕು.

ಗರ್ಭಿಣಿಯರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಚಿಕಿತ್ಸೆಯಿಲ್ಲದಿದ್ದರೆ ಗರ್ಭ, ಹೆರಿಗೆ ಮತ್ತು ಎದೆಹಾಲಿನ ಮೂಲಕ ನೂರರಲ್ಲಿ 15ರಿಂದ 45 ಶಿಶುಗಳಿಗೆ ತಾಯಿಯ ಸೋಂಕು ತಗಲಬಹುದು. ಕ್ರಮವಾದ ಚಿಕಿತ್ಸೆಯಿಂದ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಮಗುವಿಗೆ ಹುಟ್ಟಿದ ಕೂಡಲೇ ಔಷಧ ಆರಂಭಿಸಿ, ಆರನೆಯ ವಾರದಲ್ಲಿ ಮೊದಲ ಪರೀಕ್ಷೆ, ಹದಿನೆಂಟನೆಯ ತಿಂಗಳಲ್ಲಿ ಅಂತಿಮ ಪರೀಕ್ಷೆ ಮಾಡಲಾಗುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಮಗಳು ಯಾರಿಗೂ ಹೇಳಲಾರದೆ ಮಾತ್ರೆ ನಿಲ್ಲಿಸಿದರೆ ಆಪತ್ತು ಇಬ್ಬರಿಗೂ.

ಇಲ್ಲಿಗೆ ಮೂರನೆಯ ಕಾರಣಕ್ಕೆ ಬಂದೆವು. ಅದು ಭಯ. ರೋಗದ ಭಯವಲ್ಲ, ಜನರ ಭಯ. ಆಸ್ಪತ್ರೆಯ ಆ ಕೊಠಡಿಯ ಮುಂದೆ ಊರಿನವರು ಕಂಡಾರು ಎಂಬುದು, ಮಾತ್ರೆಯ ಡಬ್ಬಿ ನೆಂಟರ ಕಣ್ಣಿಗೆ ಬಿದ್ದೀತು ಎಂಬುದು, ಪಂಕ್ತಿಯಿಂದ ಎಬ್ಬಿಸಿಯಾರು ಎಂಬುದು. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದರಿಂದಾಗಲಿ, ಒಂದೇ ಲೋಟದ ನೀರಿನಿಂದಾಗಲಿ, ಅವರ ಕೈಯಡುಗೆಯಿಂದಾಗಲಿ, ಸೊಳ್ಳೆ ಕಡಿತದಿಂದಾಗಲಿ ಎಚ್‌ಐವಿ ಹರಡುವುದಿಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಇರುವ ಈ ನೆಲದಲ್ಲಿ ದಾಸೋಹದ ಸಾಲಿನಿಂದ ಒಬ್ಬರನ್ನು ಬೇರೆ ಕೂರಿಸುವುದು ಹೇಗೆ ಸರಿಯಾದೀತು? ಕಾನೂನೂ ಇದನ್ನು ಒಪ್ಪುವುದಿಲ್ಲ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಉದ್ಯೋಗ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿದೆ. ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನೂ ಅದು ತಡೆಯುತ್ತದೆ.

ಆದಕಾರಣ ನೆರೆಯವರಲ್ಲಿ ಯಾರಿಗೆ ಸೋಂಕಿದೆಯೆಂದು ಭಕ್ತರು ಹುಡುಕಿ ತಿಳಿಯಬೇಕಾದ ಅಗತ್ಯವಿಲ್ಲ. ಯಾರಾದರೂ ತಾವಾಗಿ ನಂಬಿ ಹೇಳಿಕೊಂಡರೆ ಆ ಮಾತು ಅಲ್ಲಿಯೇ ಉಳಿಯಲಿ; ಶಿವಮೊಗ್ಗಕ್ಕೆ ಹೋಗುವ ದಿನ ಅವರ ಮನೆಯ ದನಕರುಗಳನ್ನು ನೋಡಿಕೊಳ್ಳಲು ಒಬ್ಬರಾದರೂ ಇರಲಿ. ಮಾತ್ರೆ ಈಗಾಗಲೇ ತಪ್ಪಿಹೋಗಿದ್ದರೆ ಬೈಯುವರೆಂದು ಅಂಜದೆ ಕೇಂದ್ರಕ್ಕೆ ಮರಳಬೇಕು, ಚಿಕಿತ್ಸೆಯನ್ನು ಪುನಃ ಆರಂಭಿಸುತ್ತಾರೆ. ಮುಖಾಮುಖಿ ಕೇಳಲು ಸಂಕೋಚವಿರುವವರು 1097 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ಕರೆಮಾಡಿ ವಿಚಾರಿಸಬಹುದು.